ಸೌದಿಗಿಂತ ದೂರದ ನರಸೀಪುರ

ನನ್ನ ಅಕ್ಕನ ಮಗಳು ನರ್ಸಿಂಗ್ ಮುಗಿಸಿ, ಮೈಸೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಒಂದು ವರ್ಷ ದುಡಿದು, ಮೂರು ಕೆಲಸಗಳ ಕಾಗದ ಹಿಡಿದುಕೊಂಡು ನಂಜನಗೂಡಿನ ಮನೆಗೆ ಬಂದದ್ದು ತೊಂಬತ್ತೆಂಟನೆಯ ಇಸವಿಯ ಆಷಾಢದಲ್ಲಿ. ಶ್ರಾವಣವೆಂದು ಅಕ್ಕ ಇಂದಿಗೂ ವಾದಿಸುತ್ತಾಳೆ. ಆದರೆ ಅದೇ ವಾರ ಬಿಳಿಗೆರೆಯಿಂದ ಹುಡುಗಿಯನ್ನು ನೋಡಲು ಬರುತ್ತೇವೆಂದವರಿಗೆ ಭಾವ 'ಈ ತಿಂಗಳು ಬೇಡ' ಎಂದು ಹೇಳಿಕಳಿಸಿದ್ದು ನನ್ನ ದಿನಚರಿಯಲ್ಲಿದೆ. ಶ್ರಾವಣದಲ್ಲಿ ಅವರು ಹಾಗೆ ಹೇಳಿಕಳಿಸುವವರಲ್ಲ. ಆದ್ದರಿಂದ ಆಷಾಢವೇ.

ಮೂರು ಕಾಗದಗಳಲ್ಲಿ ಒಂದು ತಾಂಡ್ಯದ ಕಾರ್ಖಾನೆಯೊಂದರದು. ಅಲ್ಲಿನ ಪ್ರಥಮ ಚಿಕಿತ್ಸೆಯ ಕೊಠಡಿಗೆ ನರ್ಸ್ ಬೇಕಾಗಿತ್ತು. ಎರಡನೆಯದು ಮೈಸೂರಿನ ಏಜೆಂಟನೊಬ್ಬನ ಮೂಲಕ ಬಂದ ಸೌದಿಯ ಕರೆ. ಮೂರನೆಯದು ತಿರುಮಕೂಡಲು ನರಸೀಪುರದಲ್ಲಿ ಯಾವುದೋ ಟ್ರಸ್ಟಿನವರು ನಡೆಸುತ್ತಿದ್ದ ಸಣ್ಣ ಹೆರಿಗೆ ಆಸ್ಪತ್ರೆಯದು. ಮೂರರಲ್ಲಿ ಇದರ ಸಂಬಳವೇ ಎಲ್ಲಕ್ಕಿಂತ ಕಡಿಮೆ, ಸೋಮವಾರ ಬೆಳಿಗ್ಗೆ ಹಾಜರಾಗದಿದ್ದರೆ ಪಟ್ಟಿಯಲ್ಲಿನ ಮುಂದಿನ ಹೆಸರನ್ನು ಕರೆಯಲಾಗುವುದೆಂಬ ಷರತ್ತು ಬೇರೆ.

ಭಾವನದು ಪೇಟೆಯಲ್ಲಿ ಅಕ್ಕಿ ಅಂಗಡಿ. ಅವರ ಒಲವು ತಾಂಡ್ಯದ ಕಡೆಗೆ. ಕಂಪನಿಯ ಬಸ್ಸು ಅಂಗಡಿಯ ಮುಂದೆಯೇ ಹಾದುಹೋಗುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಬಿಳಿಗೆರೆಯವರು ಕೇಳಿದರೆ 'ಮಗಳು ಕಂಪನಿಯಲ್ಲಿದ್ದಾಳೆ' ಎಂದು ಹೇಳಿ ಅಷ್ಟಕ್ಕೇ ಬಾಯಿ ಮುಚ್ಚಬಹುದಾಗಿತ್ತು. ಮೂರೂವರೆ ವರ್ಷ ಶುಲ್ಕ ಕಟ್ಟಿ ಮಗಳನ್ನು ನರ್ಸ್ ಮಾಡಿದ ಮನುಷ್ಯನಿಗೆ ಆ ಪದವನ್ನು ಉಚ್ಚರಿಸದೆ ಮದುವೆ ಮಾಡುವ ಉಪಾಯ ಬೇಕಾಗಿತ್ತು.

ಅಕ್ಕ ಸೌದಿಗೆ ಒಪ್ಪಿದ್ದಳು. ಇದು ನನಗೆ ಆಶ್ಚರ್ಯ ತಂದಿತು. ಮಗಳನ್ನು ಮೈಸೂರಿನ ಹಾಸ್ಟೆಲಿಗೆ ಬಿಡುವಾಗ ಮೂರು ದಿನ ಊಟ ಬಿಟ್ಟಿದ್ದವಳು, ಸಮುದ್ರದಾಚೆಗೆ ಕಳಿಸಲು ಸಿದ್ಧಳಾಗಿದ್ದಳು. ಕಾರಣ ಕೇಳಿದೆ.

"ಅಲ್ಲಿ ಅವಳು ಏನ್ ಎತ್ತುತ್ತಾಳೋ, ಏನ್ ತೊಳೀತಾಳೋ, ಯಾರ್ ಬಂದು ನೋಡ್ತಾರೋ?" ಎಂದಳು. "ನರಸೀಪುರ ಆದ್ರೆ ಹೆಮ್ಮಿಗೆಯಿಂದ ನಮ್ಮೋರೆಲ್ಲ ಹೆರಿಗೆಗೆ ಅಲ್ಲಿಗೇ ಬರೋದು ಕಣೋ. ಮಠಕ್ಕೆ ನಡ್ಕೊಳ್ಳೋ ಮನೆ ಹುಡುಗಿ ಕೈಯಲ್ಲಿ ಬೆಡ್‌ಪ್ಯಾನ್ ಹಿಡ್ಕೊಂಡು ಓಡಾಡೋದನ್ನ ನೋಡ್ಕೊಂಡು ಹೋಗಿ ಊರೆಲ್ಲ ಸಾರ್ತಾರೆ."

ರೋಗಿಗಳ ಸೇವೆಯೇ ಶಿವಪೂಜೆಯೆಂದು ಮಠದಲ್ಲಿ ಸ್ವಾಮಿಗಳು ಅಪ್ಪಣೆ ಕೊಡಿಸಿದಾಗ ಇದೇ ಅಕ್ಕ ಕಣ್ಣು ಮುಚ್ಚಿ ಕೈಮುಗಿದದ್ದನ್ನು ನಾನು ಪಕ್ಕದಲ್ಲಿ ಕುಳಿತು ನೋಡಿದ್ದೆ. ಪೂಜೆ ನಡೆಯಬೇಕು, ಆದರೆ ಬೇರೆಯವರ ಮಗಳ ಕೈಯಿಂದ. ಹೀಗೆ ನಮ್ಮ ಮನೆಯ ಭೂಪಟದಲ್ಲಿ ಸೌದಿ ಹತ್ತಿರವಾಯಿತು. ನಂಜನಗೂಡಿನ ಕಪಿಲೆ ಯಾರ ಅನುಮತಿಯನ್ನೂ ಕೇಳದೆ ದಿನವೂ ಹರಿದುಹೋಗುವ ನರಸೀಪುರ ದೂರವಾಯಿತು.

ತೀರ್ಮಾನವನ್ನು ನನಗೆ ಒಪ್ಪಿಸಲಾಯಿತು. ನಾನು ಆಗ ಮೈಸೂರಿನಲ್ಲಿ ಶಾಸನಗಳ ಕಾಲನಿರ್ಣಯದ ಕೆಲಸದಲ್ಲಿದ್ದೆ. ಎಂಟುನೂರು ವರ್ಷ ಹಳೆಯ ಕಲ್ಲಿನ ತಿಥಿಯನ್ನು ಹೇಳಬಲ್ಲವನು ಇಪ್ಪತ್ತೆರಡು ವರ್ಷದ ಹುಡುಗಿಯ ಭವಿಷ್ಯವನ್ನೂ ಹೇಳಬಲ್ಲನೆಂದು ಮನೆಯವರು ನಂಬಿದ್ದರು. ದುರದೃಷ್ಟವಶಾತ್ ನಾನೂ ನಂಬಿದ್ದೆ. ದೊಡ್ಡ ಹಾಳೆಯೊಂದರಲ್ಲಿ ಹನ್ನೊಂದು ಅಂಕಣಗಳ ಕೋಷ್ಟಕ ಹಾಕಿದೆ: ದೂರ, ವಸತಿ, ವೇತನ, ಬಡ್ತಿ, ಬಸ್ಸಿನ ಅನುಕೂಲ, ಹವಾಮಾನ ಇತ್ಯಾದಿ. ಸೌದಿಯ ಹವಾಮಾನಕ್ಕೆ ಅಡಿಟಿಪ್ಪಣಿಯೂ ಇತ್ತು.

ಹುಡುಗಿಯ ಇಚ್ಛೆಗೆ ಅಂಕಣವಿರಲಿಲ್ಲ. ಅದನ್ನು ಅವಳೇ ಬಂದು ಹೇಳಿದಳು. ಅಕ್ಕ ಒಳಗೆ ವಿಭೂತಿ ಹಚ್ಚಿಕೊಂಡು ಪೂಜೆಗೆ ಕುಳಿತಿದ್ದ ಹೊತ್ತು. ಅವಳು ನನ್ನ ಮುಂದೆ ಕಾಫಿ ಇಟ್ಟು ಅಲ್ಲೇ ನಿಂತಳು.

"ಮಾವ, ಮೈಸೂರಲ್ಲಿ ಒಂದು ವರ್ಷ ನಾನು ಮಾಡಿದ್ದು ಟ್ರೇ ಹಿಡಿಯೋ ಕೆಲಸ. ಹೆರಿಗೆ ಆಗೋವಾಗ ಕಲಿಯೋ ಡಾಕ್ಟ್ರುಗಳೇ ಸುತ್ತ ಇಷ್ಟು ಜನ ನಿಂತಿರ್ತಾರೆ, ನನಗೆ ಮಗು ಕಾಣ್ತಾನೂ ಇರ್ಲಿಲ್ಲ. ತಾಂಡ್ಯದಲ್ಲಿ ತಲೆನೋವಿನ ಮಾತ್ರೆ ಕೊಟ್ಟು ರಿಜಿಸ್ಟರಲ್ಲಿ ಬರೆಯೋದು. ನರಸೀಪುರದಲ್ಲಿ ಇರೋದೇ ಒಬ್ರು ಡಾಕ್ಟ್ರು. ಹೆರಿಗೆ ನಾನೇ ಮಾಡಿಸ್ಬೇಕು. ಎರಡು ವರ್ಷ ಅಲ್ಲಿ ಕೈ ಪಳಗಿದ್ರೆ ಆಮೇಲೆ ಸೌದಿ ಏನು, ಎಲ್ಲಿಗೆ ಹೋದ್ರೂ ನರ್ಸ್ ಅಂತ ತಲೆ ಎತ್ತಿ ಹೇಳ್ಬೋದು. ಈ ಸೋಮವಾರ ತಪ್ಪಿದ್ರೆ ಹೋಯ್ತು."

"ಎಲ್ಲ ಅಂಶಗಳನ್ನೂ ಪರಿಶೀಲಿಸೋಣ" ಎಂದೆ.

"ಪರಿಶೀಲಿಸಿ. ಆದ್ರೆ ಸೋಮವಾರದೊಳಗೆ ಪರಿಶೀಲಿಸಿ."

ನಾನು ಅವಳ ಪ್ರಮಾಣಪತ್ರಗಳನ್ನು ಮೈಸೂರಿಗೆ ಒಯ್ದೆ. ಅಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಒಂದು ಅಸಂಗತಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅವಳ ಜನ್ಮದಿನ ಜೂನ್ ಒಂದು. ಜಾತಕದಲ್ಲಿ ಕಾರ್ತಿಕ ಶುದ್ಧ ದ್ವಾದಶಿ, ಸೋಮವಾರ. ಆ ವರ್ಷದ ಪಂಚಾಂಗವನ್ನು ತೆಗೆದು ನೋಡಿದೆ. ದ್ವಾದಶಿ ಸೋಮವಾರವೇ ಬಿದ್ದಿತ್ತು. ತಿಥಿಯೂ ವಾರವೂ ಕೂಡಿದರೆ ನಮ್ಮ ಶಾಸ್ತ್ರದಲ್ಲಿ ದಾಖಲೆ ಗೆದ್ದಂತೆ. ಶಾಲೆಗೆ ಸೇರಿಸುವಾಗ ಮೇಷ್ಟರು ವಯಸ್ಸು ಸಾಲದೆಂದು ಹುಡುಗಿಯನ್ನು ಐದು ತಿಂಗಳು ಮುಂಚೆಯೇ ಹುಟ್ಟಿಸಿದ್ದರು.

ಇಷ್ಟು ತಿಳಿದ ಮೇಲೆ ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಗುರುವಾರ ನರಸೀಪುರದ ಆಸ್ಪತ್ರೆಗೆ ಎರಡು ಪುಟಗಳ ಪತ್ರ ಬರೆದು, ಜಾತಕದ ಪ್ರತಿಯನ್ನು ಲಗತ್ತಿಸಿ, ಸ್ವೀಕೃತಿ ಸಹಿತ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ಮುಂದೆ ತೊಡಕಾಗದಿರಲೆಂದು ವಾಸ್ತವ ಜನ್ಮದಿನಾಂಕವನ್ನು ತಮ್ಮ ಗಮನಕ್ಕೆ ತರುತ್ತಿದ್ದೇನೆ ಎಂಬುದು ಅದರ ಸಾರ. ಭಾಷೆ ಚೆನ್ನಾಗಿತ್ತು.

ಭಾನುವಾರ ನಂಜನಗೂಡಿಗೆ ಹೋಗಿ, ಪತ್ರದ ಕಚೇರಿ ಪ್ರತಿಯನ್ನು ಅವಳ ಕೈಗೆ ಕೊಟ್ಟೆ. ಮೆಚ್ಚುಗೆಯನ್ನು ನಿರೀಕ್ಷಿಸಿದ್ದೆನೆಂದು ಒಪ್ಪಿಕೊಳ್ಳಬೇಕು. ಅವಳು ಓದಿದಳು. ಮತ್ತೊಮ್ಮೆ ಓದಿದಳು.

"ಮಾವ, ನಿಮ್ಮನ್ನ ಯಾರು ಕೇಳಿದ್ರು ಇದನ್ನ?"

"ಸತ್ಯವಾದ ತಾರೀಖು..."

"ನನ್ನ ಸರ್ಟಿಫಿಕೇಟು, ನರ್ಸಿಂಗ್ ರಿಜಿಸ್ಟ್ರೇಶನ್ನು, ಎಲ್ಲ ಇರೋದು ಜೂನ್ ಒಂದಕ್ಕೆ. ಈಗ ನೀವೇ ಕಾಗದ ಬರೆದು ಅದೆಲ್ಲ ಸುಳ್ಳು ಅಂದಿದ್ದೀರಿ. ಅವರು ನನ್ನನ್ನ ಯಾಕೆ ಸೇರಿಸ್ಕೋತಾರೆ?"

ಭಾವ ಅಂಗಡಿಯಿಂದ ಊಟಕ್ಕೆ ಬಂದಿದ್ದವರು ವಿಷಯ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಪಂಡಿತ್ರೇ, ನಾವು ಗಂಡ ಹೆಂಡ್ತಿ ವಾರದಿಂದ ಬಡ್ಕೊಂಡ್ರೂ ನರಸೀಪುರ ತಪ್ಸಕ್ಕಾಗಿರ್ಲಿಲ್ಲ. ನೀವು ಒಂದೇ ಕಾಗದದಲ್ಲಿ ಮುಗಿಸಿಬಿಟ್ರಿ ನೋಡಿ!" ಹೊಗಳಿಕೆ ಪ್ರಾಮಾಣಿಕವಾಗಿತ್ತು, ಅದೇ ನನ್ನನ್ನು ಚುಚ್ಚಿತು.

ಕೆಡಿಸಿದವರೇ ಬಂದು ಸರಿಪಡಿಸಬೇಕೆಂದು ಅವಳು ಪಟ್ಟು ಹಿಡಿದಳು; ಕೆಲಸ ಹೇಗೂ ತಪ್ಪಿತೆಂಬ ಧೈರ್ಯದಲ್ಲಿ ಭಾವ ತಡೆಯಲಿಲ್ಲ. ಸೋಮವಾರ ಮೊದಲ ಬಸ್ಸಿಗೆ ಅವಳೂ ನಾನೂ ಹೊರಟೆವು. ದಾರಿಯುದ್ದಕ್ಕೂ ಅವಳು ಕಿಟಕಿಯ ಕಡೆ ಮುಖ ಮಾಡಿದ್ದಳು. ನನ್ನ ಚೀಲದಲ್ಲಿ ಪಂಚಾಂಗವಿತ್ತು. ಯಾಕೆ ಒಯ್ದೆನೋ ನನಗೇ ತಿಳಿಯದು.

ಆಸ್ಪತ್ರೆಯ ಗುಮಾಸ್ತ ನಡುವಯಸ್ಸಿನವನು, ಮೇಜಿನ ಮೇಲೆ ನನ್ನ ಪತ್ರ ಹರಡಿಕೊಂಡಿದ್ದ. ನಮ್ಮ ಅಂಚೆಯವರು ಆ ಒಂದು ಸಲ ಅಷ್ಟು ಚುರುಕಾಗಬೇಕಾಗಿರಲಿಲ್ಲ.

"ಇದ ಬರ್ದೋರು ನೀವೇಯಾ ಸಾ?"

"ಹೌದು."

"ಮೂರ್ ಸತಿ ಓದ್ದೆ ಸಾ. ಉಡ್ಗೀಗೆ ಕೆಲ್ಸ ಕೊಡಿ ಅಂತೀರೋ ಕೊಡ್ಬ್ಯಾಡಿ ಅಂತೀರೋ ಒಂದೂ ಗೊತ್ತಾಗ್ನಿಲ್ಲ."

ಮೇಷ್ಟರ ತಿದ್ದುವಿಕೆಯನ್ನು ನಾನು ವಿವರಿಸಹೊರಟೆ. ಅವನು ಕೈ ಎತ್ತಿ ತಡೆದ.

"ನಮ್ಮಳ್ಳೀಲಿ ಅರ್ಧ ಜನ ಉಟ್ಟಿರೋದು ಜೂನ್ ತಿಂಗ್ಳಲ್ಲೇ ಸಾ. ನಾನೂವೆ. ನಾ ಉಟ್ದಾಗ ರಾಗಿ ಕುಯ್ಲು ನಡೀತಿತ್ತು ಅಂತಾಳೆ ನಮ್ಮವ್ವ. ಜೂನಲ್ಲಿ ಎಲ್ಲಿ ರಾಗಿ ಕುಯ್ತಾರೆ ಏಳಿ? ಮೇಷ್ಟ್ರು ಏಳುದ್ರು, ಅಂಗೇ ಬದುಕ್ಕಂಡಿವ್ನಿ. ರಿಟೇರ್ ಆಗೋದೂ ಅದೇ ತಾರೀಕ್ಗೇಯ." ಆಮೇಲೆ ದನಿ ತಗ್ಗಿಸಿದ. "ಟ್ರಸ್ಟ್ನೋರು ಅತ್ ಗಂಟೆಗೆ ಬತ್ತಾರೆ. ಈ ಕಾಗ್ದ ಇಂಗೇ ಇದ್ರೆ ತಕರಾರು ಅಂತಾರೆ. ಶನಿವಾರ ಇದ ನೋಡಿ ಎದ್ರುಕೊಂಡು ಪಟ್ಟೀಲಿ ಮುಂದಿನ್ ಎಸ್ರುಗೂ ಫೋನ್ ಮಾಡಿ ಬರಕ್ಕೆ ಏಳಿವ್ನಿ. ಅಗೋ, ಬೆಂಚ್ ಮ್ಯಾಲ್ ಕೂತವ್ಳೆ."

ಬಾಗಿಲಾಚೆಯ ಬೆಂಚಿನ ಮೇಲೆ ಅದೇ ವಯಸ್ಸಿನ ಹುಡುಗಿಯೊಬ್ಬಳು ಫೈಲನ್ನು ಎದೆಗೊತ್ತಿಕೊಂಡು ಕುಳಿತಿದ್ದಳು.

"ಈಗ ಏನು ಮಾಡೋದು?" ಎಂದು ನನ್ನ ಸೋದರಸೊಸೆ ಕೇಳಿದಳು.

"ಅಂಕಪಟ್ಟಿ ತಾರೀಕೇ ಸರಿ, ನಾ ಬರ್ದಿದ್ದು ತಪ್ಪು ಅಂತ ನಿಮ್ಮಾವ ಬರ್ಕೊಡ್ಲಿ ಕಣವ್ವ."

ನಾನು ಲೇಖನಿ ತೆಗೆದೆ. 'ಲಭ್ಯ ಆಕರಗಳಲ್ಲಿ ಶಾಲಾ ದಾಖಲೆಯು ಆಡಳಿತದ ದೃಷ್ಟಿಯಿಂದ ಗ್ರಾಹ್ಯವೆಂದು ಪರಿಗಣಿಸಬಹುದಾದರೂ' ಎಂಬಲ್ಲಿಗೆ ಬಂದಿದ್ದೆ. ಸೊಸೆ ಹಾಳೆಯನ್ನು ಎಳೆದುಕೊಂಡು ಮಡಚಿ, ಹೊಸ ಹಾಳೆ ಮುಂದಿಟ್ಟಳು.

"ಎರಡು ಸಾಲು ಸಾಕು ಮಾವ. ಗಂಟೆ ಒಂಬತ್ತೂಮುಕ್ಕಾಲು."

ಬರೆದೆ. ತಿಥಿವಾರಗಳು ಕೂಡಿದ ದಾಖಲೆಯನ್ನು ತಪ್ಪೆಂದೂ, ಮೇಷ್ಟರ ಕಲ್ಪನೆಯನ್ನು ಸರಿಯೆಂದೂ ಬರೆದು ಸಹಿ ಹಾಕಿ, ಹೆಸರಿನ ಕೆಳಗೆ ಪದವಿಗಳನ್ನೂ ನಮೂದಿಸಿದೆ. ಗುಮಾಸ್ತ ಅದನ್ನು ಬೆಳಕಿಗೆ ಹಿಡಿದು ನೋಡಿ, "ಈಗ ಅರ್ಥಾಯ್ತು ನೋಡಿ" ಎಂದ. ಸೊಸೆ ಹಾಜರಿ ಪತ್ರಕ್ಕೆ ಸಹಿ ಹಾಕುತ್ತಿದ್ದಂತೆ ಒಳಗಿನಿಂದ ಆಯಾ ಬಂದು, "ಸಿಸ್ಟರ್ ಬಂದ್ರಾ? ನೋವು ಜಾಸ್ತಿ ಆಗೈತೆ, ಬೇಗ ಬನ್ನಿ" ಎಂದು ಕರೆದಳು. ಅವಳು ಜಡೆಯನ್ನು ಸುತ್ತಿ ಕಟ್ಟಿಕೊಂಡು ಒಳಗೆ ಹೋದಳು. ನನ್ನ ಕಡೆ ತಿರುಗಿ ನೋಡಲಿಲ್ಲ. ನೋಡಲು ಪುರಸೊತ್ತೂ ಇರಲಿಲ್ಲ.

ನಾನು ಹೊರಗೆ ಬಂದೆ. ಬೆಂಚಿನ ಮೇಲಿದ್ದ ಹುಡುಗಿ ಎದ್ದು ನಿಂತಳು.

"ಸಾರ್, ನನ್ನ ಹೆಸರು ಕರೀತಾರಾ?"

"ಇಲ್ಲಮ್ಮ. ಆ ಹುಡುಗಿ ಸೇರಿದಳು."

"ಯಾರೋ ಕಾಗದ ಬರೆದಿದ್ದಾರೆ, ಏನೋ ತಕರಾರಿದೆ, ಬಂದಿರು ಅಂದಿದ್ರು. ಮೈಸೂರಲ್ಲಿ ನನಗೆ ಇವತ್ತು ಡ್ಯೂಟಿ ಇತ್ತು. ರಜ ಕೊಡ್ಲಿಲ್ಲ, ಹೋದ್ರೆ ವಾಪಸ್ ಬರ್ಬೇಡ ಅಂದ್ರು. ಬಿಟ್ಟು ಬಂದೆ."

"ಆ ಕಾಗದ ಬರೆದವನು ನಾನೇ."

ಅವಳು ನನ್ನ ಬಿಳಿ ಜುಬ್ಬವನ್ನೂ ಚೀಲದಿಂದ ಹೊರಗೆ ಇಣುಕುತ್ತಿದ್ದ ಪಂಚಾಂಗವನ್ನೂ ನೋಡಿದಳು. "ತಕರಾರು ಇಲ್ಲದಿದ್ರೆ ಯಾಕೆ ಬರೆದ್ರಿ ಸಾರ್?"

ನನ್ನಲ್ಲಿ ಉತ್ತರವಿತ್ತು. ಅದು ಉದ್ದವಾಗಿತ್ತು, ಆಧಾರಗಳೂ ಇದ್ದವು. ಅಷ್ಟರಲ್ಲಿ ಮೈಸೂರಿನ ಬಸ್ಸು ರಸ್ತೆಯ ತಿರುವಿನಲ್ಲಿ ಕಾಣಿಸಿತು. ಅವಳು ಫೈಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೆಜ್ಜೆ ಹಾಕಿದಳು. ತಪ್ಪಾಯಿತೆಂದು ನಾನು ಅವಳ ಬೆನ್ನಿಗೆ ಹೇಳಿದೆ. ಒಂದೇ ಬೆಳಗಿನಲ್ಲಿ ನಾನು ತಪ್ಪೊಪ್ಪಿಕೊಂಡದ್ದು ಅದು ಎರಡನೆಯ ಸಲ. ಮೊದಲನೆಯದು ಲಿಖಿತವಾಗಿತ್ತು, ಸುಳ್ಳಾಗಿತ್ತು, ಕಡತದಲ್ಲಿ ಸೇರಿತು. ಎರಡನೆಯದನ್ನು ಅವಳು ಕೇಳಿಸಿಕೊಂಡಳೋ ಇಲ್ಲವೋ ನನಗೆ ತಿಳಿಯದು.