ಪೀರಸಾಬ ಮಾಸ್ತರರ ಏಳರ ಮಗ್ಗಿ

ಅತನೂರಿನ ಶಾಲೆಗೆ ಬಂದ ಮಾಸ್ತರರಲ್ಲಿ ವರ್ಷ ತುಂಬ ಬಾಳಿದವರು ಪೀರಸಾಬ ಮಾಸ್ತರರೊಬ್ಬರೇ. ನಮ್ಮ ಕ್ಲಾಸು ಅಂಥದ್ದು. ಒಬ್ಬರ ಕುರ್ಚಿಯ ಕೆಳಗೆ ಚೇಳು ಬಿಟ್ಟಿದ್ದೆವು, ಇನ್ನೊಬ್ಬರ ಪೇಟ ಬಾವಿ ಕಂಡಿತ್ತು. ನಮಗೆ ಪಾಟಿ ಕೊಡುವುದೆಂದರೆ ಮಂಗನ ಕೈಗೆ ಮಾಣಿಕ್ಯ ಕೊಟ್ಟಂತೆ ಎಂದು ಹೆತ್ತವರೇ ಅನ್ನುತ್ತಿದ್ದರು.

ಜೋಳದ ತೆನೆಯಲ್ಲಿ ಹಾಲು ತುಂಬಿದರೆ ಆ ಕ್ಲಾಸೂ ಇಲ್ಲ. ಹಕ್ಕಿ ಕಾಯಲು ನಮ್ಮನ್ನು ಹೊಲದ ಅಟ್ಟಗಳ ಮೇಲೆ ಹತ್ತಿಸುತ್ತಿದ್ದರು. ಬೇರೆಯವರಾಗಿದ್ದರೆ ಖಾಲಿ ಶಾಲೆಯಲ್ಲಿ ನಿದ್ದೆ ಹೊಡೆಯುತ್ತಿದ್ದರು. ಪೀರಸಾಬರು ಹೊಲಕ್ಕೇ ಬಂದರು. ಹಳ್ಳದ ದಂಡೆಗೆ ಹೊಲಗಳು ಸಾಲಾಗಿದ್ದವು; ಒಂದೊಂದು ಅಟ್ಟಕ್ಕೆ ಮಗ್ಗಿಯ ಒಂದೊಂದು ಸಾಲು ಹಂಚಿದರು. ಬದುವಿನ ಮೇಲೆ ನಿಂತು "ಏಳೊಂದ್ಲೆ?" ಎಂದು ಕೂಗಿದರೆ ಮೊದಲ ಅಟ್ಟದಿಂದ "ಏಳು!", ಮುಂದಿನದರಿಂದ "ಹದಿನಾಲ್ಕು!" ಪಾಠವೂ ಆಯಿತು, ಹಕ್ಕಿಯೂ ಹಾರಿತು. ನಿಜಾಮರ ಶಾಲೆಯಲ್ಲಿ ಎಲ್ಲ ಉರ್ದು. ಹೊಲದಲ್ಲಿ ಮಾತ್ರ ಕನ್ನಡ. "ಗುಬ್ಬಿಗೆ ಉರ್ದು ಬರಂಗಿಲ್ಲಲೇ," ಎನ್ನುತ್ತಿದ್ದರು.

ಏಳೆಂಟ್ಲೆ ಹುಲೆಪ್ಪನ ಸಾಲು, ಏಳೊಂಬತ್ಲೆ ನನ್ನದು. ಹುಲೆಪ್ಪನ ಕವಣೆಯ ಗುರಿ ತಪ್ಪಿದ್ದಿಲ್ಲ, ತಲೆಗೆ ಮಗ್ಗಿ ಹತ್ತಿದ್ದಿಲ್ಲ. ದಿನವೂ "ಐವತ್ನಾಕ್ರಿ!" ಎನ್ನುವನು. ಮಾಸ್ತರರು ಹಣೆ ಚಚ್ಚಿಕೊಂಡು ಮತ್ತೆ ಒಂದರಿಂದ ಶುರು ಮಾಡಿಸುವರು. ತಪ್ಪಿದ ಮಗ್ಗಿಯನ್ನು ಮುಂದೆ ಹೋಗಗೊಡುವ ಆಸಾಮಿಯೇ ಅಲ್ಲ. "ಸಾಯೂದ್ರಾಗ ಏಳರ ಮಗ್ಗಿ ಒಮ್ಮಿ ಪೂರಾ ಕೇಳ್ತೇನೋ ಇಲ್ಲೋ!" ಎಂದು ಹಲುಬುವರು. ಹುಲೆಪ್ಪ ಮನೆಯಲ್ಲೂ ತನ್ನ ಐವತ್ನಾಲ್ಕನ್ನೇ ಬಾಯಿಪಾಠ ಮಾಡುತ್ತಿದ್ದ. ತಾಯಿ ಮರೆಮ್ಮ ರೊಟ್ಟಿ ಬಡಿಯುತ್ತ ಕೇಳುವಳು. ಅಕ್ಷರ ಬಾರದ ಜೀವ, ಮಗ ಓದುತ್ತಾನೆಂದು ಹಿಗ್ಗುತ್ತಿದ್ದಳು.

೧೯೪೮ರ ಜನವರಿಯ ಒಂದು ಮಧ್ಯಾಹ್ನ ಹುಲೆಪ್ಪ "ಐವತ್ತಾರ್ರಿ!" ಎಂದುಬಿಟ್ಟ. ನಾನು ಬಾಯಿ ತೆರೆಯುವುದನ್ನೇ ಮರೆತಿದ್ದೆ; ಮಾಸ್ತರರು ಗದರಿದ ಮೇಲೆ ನನ್ನ ಸಾಲು ಕೂಗಿದೆ. ಮಗ್ಗಿ ಎಪ್ಪತ್ತು ಮುಟ್ಟಿದಾಗ ಮಾಸ್ತರರು ಟೋಪಿ ಮೇಲಕ್ಕೆಸೆದು ಬದುವಿನ ಮೇಲೆ ಕುಣಿದರು. ಎಳೆ ತೆನೆ ಸುಟ್ಟು, ಅಂಗೈಯಲ್ಲಿ ಉಜ್ಜಿ, ಎಲ್ಲರಿಗೂ ಬಿಸಿ ಸೀತನಿ ಕೊಟ್ಟರು. ಮರೆಮ್ಮ ಮಾತ್ರ ಅಂದು ದೂರದ ಹೊಲಕ್ಕೆ ಕೂಲಿಗೆ ಹೋಗಿದ್ದಳು.

ಅದೇ ವಾರ ರಜಾಕಾರರ ಭಯಕ್ಕೆ ನಮ್ಮ ಮನೆಗಳೆಲ್ಲ ಗಂಟುಮೂಟೆ ಕಟ್ಟಿ ಸೊಲ್ಲಾಪುರದ ಕಡೆ ಗಡಿ ದಾಟಿದವು. ಮಾಸ್ತರರು ಊರಲ್ಲೇ ಉಳಿದರು. ಅಟ್ಟದಿಂದ ಅಟ್ಟಕ್ಕೆ ಓಡಾಡಿ ನಮ್ಮ ಹೊಲಗಳ ಹಕ್ಕಿಯನ್ನು ಒಬ್ಬರೇ ಕಾದರೆಂದು ಆಮೇಲೆ ತಿಳಿಯಿತು. ಗಡಿಯಾಚೆಯ ಶಿಬಿರದಲ್ಲಿ ವಾಂತಿಭೇದಿ ಬಂತು. ಹುಲೆಪ್ಪ ಒಂದೇ ದಿನಕ್ಕೆ ಹೋದ. ದೇವರಿಗೆ ಕಣ್ಣಿಲ್ಲ ಎನ್ನುತ್ತಾರೆ. ನನಗೆ ಅಂದೇ ಖಾತ್ರಿಯಾಯಿತು.

ಗಲಾಟೆ ಅಡಗಿ ಊರಿಗೆ ಮರಳಿದಾಗ ಮಾಸ್ತರರು ನಮ್ಮನ್ನು ಒಬ್ಬೊಬ್ಬರನ್ನೇ ಮುಟ್ಟಿ ನೋಡಿದರು.

"ಹುಲ್ಯಾ ಎಲ್ಲಿ?"

ಮರೆಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಮತ್ತೆ ಜೋಳ ತೆನೆ ಬಿಟ್ಟಿತು, ಮತ್ತೆ ಅಟ್ಟ ಹತ್ತಿದೆವು. ಹುಲೆಪ್ಪನ ಅಟ್ಟದ ಮೇಲೆ ಈಗ ಮರೆಮ್ಮ, ಕೈಯಲ್ಲಿ ಅವನ ಕವಣೆ. ಮಾಸ್ತರರು ಏಳರದೊಂದು ಬಿಟ್ಟು ಉಳಿದ ಮಗ್ಗಿಗಳನ್ನೆಲ್ಲ ಹೇಳಿಸುತ್ತಿದ್ದರು. ಕಡೆಗೊಂದು ದಿನ ಮರೆಮ್ಮಳೇ ಕೇಳಿದಳು.

"ಏಳರದು ಯಾಕ ಬಿಟ್ರಿ ಮಾಸ್ತರ? ನನ್ನ ಮಗಂದು ಅದೇ ಅಲ್ರಿ?"

ಮಾಸ್ತರರು ಬದುವಿನ ಮೇಲೆ ಹತ್ತಿ ಶುರು ಮಾಡಿದರು. ಅಟ್ಟದಿಂದ ಅಟ್ಟಕ್ಕೆ ಮಗ್ಗಿ ನಲವತ್ತೊಂಬತ್ತರವರೆಗೆ ಬಂತು. ಮಾಸ್ತರರು ಕೂಗಿದರು, "ಏಳೆಂಟ್ಲೆ?"

"ಐವತ್ನಾಕ್ರಿ!"

ಮರೆಮ್ಮ ಕೂಗಿದ್ದಳು, ಥೇಟ್ ಮಗನ ಹಾಗೆಯೇ. ಆಕೆ ಮನೆಯಲ್ಲಿ ಕೇಳಿದ್ದು ಅದೊಂದನ್ನೇ.

ನಾವು ಯಾರೂ ನಗಲಿಲ್ಲ. ಈಗ ಒಂದರಿಂದ ಶುರು ಮಾಡಿಸುತ್ತಾರೆಯೇ ಎಂದು ಮಾಸ್ತರರನ್ನೇ ನೋಡಿದೆವು. ಮಾಸ್ತರರು ಟೋಪಿ ತೆಗೆದು ಅದರಿಂದಲೇ ಕಣ್ಣೊರೆಸಿಕೊಂಡರು.

"ಬರೋಬರ್ ಅದವ್ವ," ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಏಳೊಂಬತ್ಲೆ?"

"ಅರವತ್ಮೂರ್ರಿ!" ಎಂದು ಅಳುತ್ತಲೇ ಕೂಗಿದೆ.