ಬಾಗಿಲು ಮುಚ್ಚಿ ಬಿಚ್ಚುವ ರೊಟ್ಟಿ ಗಂಟು

ಉದಗೀರದ ನಮ್ಮ ಹುಡುಗಿಯರ ಹಾಸ್ಟೆಲಿನಲ್ಲಿ ಸೋಮವಾರವೆಂದರೆ ರೊಟ್ಟಿಯ ದಿನ. ಶನಿವಾರ ಊರಿಗೆ ಹೋದವರೆಲ್ಲ ವಾರವಾದರೂ ಕೆಡದ, ಒಣಗಿಸಿದ ಕಟಕ ರೊಟ್ಟಿಯ ಗಂಟು ಹಿಡಿದು ಬಸ್ಸಿಳಿಯುತ್ತಿದ್ದರು. ಸಾಮಾನಿನ ಕೋಣೆಯಲ್ಲೊಂದು ದೊಡ್ಡ ಬುಟ್ಟಿ. ಒಬ್ಬೊಬ್ಬರೇ ಒಳಗೆ ಹೋಗಿ, ಬಾಗಿಲು ಮುಚ್ಚಿ, ಗಂಟು ಬಿಚ್ಚಿ ಬುಟ್ಟಿಗೆ ಹಾಕಿ ಬರಬೇಕು. ವಾರವಿಡೀ ನಾವು ತಿನ್ನುತ್ತಿದ್ದದ್ದು ಅದರಿಂದಲೇ, ಗುರುವಾರ ಸರಕಾರಿ ದವಾಖಾನೆಗೆ ಒಯ್ದು ರೋಗಿಗಳ ಕಡೆಯವರಿಗೆ ಹಂಚುತ್ತಿದ್ದದ್ದೂ ಅದರಿಂದಲೇ. ಈ ಪದ್ಧತಿ ಹಾಕಿದ್ದು ನಮ್ಮೆಲ್ಲರಿಗಿಂತ ಹಿರಿಯಳಾದ ಒಬ್ಬ ಹುಡುಗಿ. ಬಾಗಿಲು ಯಾಕೆ ಮುಚ್ಚಬೇಕೆಂದು ಒಮ್ಮೆ ಕೇಳಿದೆವು. "ಇಲಿ ಬರ್ತಾವ" ಎಂದು ನಕ್ಕಳು. ಜಾಣೆ ನಾನು, ನಂಬಿಬಿಟ್ಟೆ.

ಅವಳು ಓದು ಮುಗಿಸಿ ಹೋದ ಮೇಲೆ ಯಜಮಾನಿಕೆ ನನಗೆ ಬಂತು. ಮಂಗನ ಕೈಗೆ ಮಾಣಿಕ್ಯ. ಕಾಲೇಜಿನವರು ಈ ರೊಟ್ಟಿ ಸೇವೆಯ ಫೋಟೊ ಕೇಳಿದ್ದರೆಂದು ಬುಟ್ಟಿಯನ್ನು ಬೆಳಕಿದ್ದ ಪಡಸಾಲೆಗೆ ತಂದಿಟ್ಟೆ. ಒಬ್ಬೊಬ್ಬರೇ ಬಂದು ಗಂಟು ಬಿಚ್ಚಿದರು. ಕೊನೆಗೆ ಉಳಿದವಳು ಯೆಣೆಗೂರಿನವಳು, ನನ್ನ ಕೋಣೆಯ ಗೆಳತಿ. ಗಂಟನ್ನು ಎದೆಗವಚಿಕೊಂಡು ನಿಂತೇ ಇದ್ದಳು.

"ನಂದು ಆಮ್ಯಾಲ ಹಾಕ್ತೀನಿ."

"ಏನ್ ಬಂಗಾರ ತಂದೀ ಏನವ್ವಾ? ಲಗೂನ ಬಿಚ್ಚ!" ಎಂದವಳೇ ನಾನೇ ಕೈ ಹಾಕಿ ಎಳೆದೆ.

ಒಳಗಿಂದ ಬಿದ್ದದ್ದು ಒಗೆದು ಮಡಚಿದ ಎರಡು ಚೂಡಿದಾರ, ಒಂದು ಟಾವೆಲ್. ಆ ಫೋಟೊದಲ್ಲಿ ನಾನು ನಗುತ್ತಿದ್ದೇನೆ.

ರಾತ್ರಿ ಅವಳು ಉಣ್ಣಲಿಲ್ಲ. ಬ್ಯಾಗು ತುಂಬುತ್ತ, "ಮನ್ಯಾಗ ಇದ್ದಷ್ಟು ತಮ್ಮಂದಿರಿಗೇ ಸಾಲಂಗಿಲ್ಲ. ಎರಡು ವರ್ಷ ನಿಮ್ಮ ರೊಟ್ಟಿ ತಿಂದೀನಿ, ಸಾಕು. ನಾ ಇನ್ನ ಬರಂಗಿಲ್ಲ" ಎಂದಳು. ನನ್ನ ಬಾಯಿಂದ "ತಪ್ಪಾತು" ಎಂಬುದಷ್ಟೇ ಹೊರಟಿತು. ಬೆಳಿಗ್ಗೆ ಅವಳ ಹಾಸಿಗೆ ಸುತ್ತಿಟ್ಟಿತ್ತು.

ಗುರುವಾರ ಬುಟ್ಟಿ ಹೊರುವವರೇ ಇಲ್ಲ. ಅಲ್ಲಿಯವರೆಗೆ ಪ್ರತಿ ವಾರ ಅದನ್ನು ತಲೆಯ ಮೇಲೆ ಹೊತ್ತು ದವಾಖಾನೆಗೆ ನಡೆದವಳು ಅವಳೇ. ಬೇರೆಯವರಿಗೆ ಮುಟ್ಟಲೂ ಬಿಡುತ್ತಿರಲಿಲ್ಲ. ಮೆಚ್ಚುಗೆ ಗಿಟ್ಟಿಸುವ ಹುರುಪು ಎಂದು ನಾನು ಒಳಗೊಳಗೇ ಆಡಿಕೊಂಡಿದ್ದೆ. ಆ ದಿನ ನಾನೇ ಹೊತ್ತೆ. ಅರ್ಧ ದಾರಿಗೆ ಕುತ್ತಿಗೆ ಹಿಡಿಯಿತು, ನಾಚಿಕೆಯಿಂದ ಕಣ್ಣಲ್ಲಿ ನೀರು ಬಂತು. ಮರಳಿದವಳೇ ಫೋನು ಮಾಡಿದೆ. "ಬುಟ್ಟಿ ಭಾಳ ವಜ್ಜಿ ಅದ. ನನ್ನ ಕೈಲಿ ಆಗಂಗಿಲ್ಲ. ನೀ ಬಾ." ಅವಳು ಫೋನಿಟ್ಟಳು.

ಬುಟ್ಟಿಯನ್ನು ಮತ್ತೆ ಸಾಮಾನಿನ ಕೋಣೆಯೊಳಗಿಟ್ಟೆ. ಸೋಮವಾರ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತ ನಿಂತೆ, ಎರಡು ಬಸ್ಸು ಬಂದುಹೋದವು. ಮೂರನೆಯದರಿಂದ ಅವಳು ಇಳಿದಳು. ಹೆಗಲಿಗೆ ಬ್ಯಾಗು, ಕೈಯಲ್ಲಿ ಗಂಟಿಲ್ಲ. ಹಾಸ್ಟೆಲಿಗೆ ಬಂದು, ಎಲ್ಲರ ಎದುರೇ ಬರಿಗೈಯಲ್ಲಿ ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. ನಾವು ಹೊರಗೆ ಪರೀಕ್ಷೆಯ ಮಾತು ತೆಗೆದು ಸುಮ್ಮನೆ ಗದ್ದಲ ಮಾಡಿದೆವು. ಒಂದು ಗಂಟು ಬಿಚ್ಚುವಷ್ಟು ಹೊತ್ತು ಒಳಗಿದ್ದು ಹೊರಬಂದಳು.

"ಇಲಿ ಒಂದೂ ಇಲ್ಲ ನೋಡು" ಎಂದಳು ನನಗೆ.