ಚೀಟಿ ಇಲ್ಲದೆ ಡಿಸ್ಕ್ ಇಲ್ಲ

ದಹಿಸರ್ ಸ್ಟೇಷನ್ನಿನ ಹೊರಗೆ ಕಂಪ್ಯೂಟರ್ ಅಂಗಡಿ ಇಟ್ಟಿರುವ ಜಮಾಲಸಾಬರು ಗಿರಾಕಿಯನ್ನು 'ಏನಾಗೇತಿ' ಎಂದು ಕೇಳುವುದಕ್ಕೂ ಮೊದಲು ಮಶೀನನ್ನು ಎಣ್ಣೆ ಹಚ್ಚಿಸಿಕೊಳ್ಳುವ ಕೂಸಿನಂತೆ ಬೋರಲು ಮಲಗಿಸಿ, ತಳದಲ್ಲಿ ಕಂಪನಿಯ ಲೈಸೆನ್ಸ್ ಚೀಟಿ ಹುಡುಕುತ್ತಾರೆ. ಗುಜರಿಗೆ ಹೋದ ಕಂಪ್ಯೂಟರುಗಳ ಜೊತೆ ಬಂದಿದ್ದ ರಿಕವರಿ ಡಿಸ್ಕುಗಳು ಅವರ ಡ್ರಾಯರಿನಲ್ಲಿ ಕಿಕ್ಕಿರಿದಿವೆ. ಒಂದು ಹಾಕಿದರೆ ಸಾಕು, ಕೆಟ್ಟು ಕೂತ ಮಶೀನು ಹೊಸದರಂತೆ ಏಳುತ್ತದೆ; ಆದರೆ ತಳದ ಚೀಟಿ ಓದಲು ಬಂದರೆ ಮಾತ್ರ ಸಾಬರು ಹಾಕುವುದು. ಬರೀ ಡಿಸ್ಕ್ ಕೇಳಿದವರಿಗೆ, ಸ್ವಂತ ಭಾವಮೈದುನ ನವಾಜನಿಗೂ, ಒಂದೇ ಉತ್ತರ: "ಮಶೀನಿನ ಕೂಡ ಬಂದದ್ದು ಮಶೀನಿನ ಕೂಡನ ಹೋಗಬೇಕ್ರಿ. ಬಿಡಿಯಾಗಿ ಮಾರಬೌದೋ ಇಲ್ಲೋ ಅಂತ ಕಂಪನಿಗೆ ಬರದು ಕೇಳೀನಿ." ಎದುರಿನ ಅಂಗಡಿಯವನು ಚುರುಮುರಿಯಂತೆ ಮಾರುತ್ತಾನಲ್ಲ ಎಂದರೆ, "ಮಾರಲಿ ಬಿಡ್ರಿ, ಅವನ ಪಾಡು ಅವಗ." ನಾಲ್ಕು ವರ್ಷದಲ್ಲಿ ಏಳು ಪತ್ರ ಹೋಗಿವೆ, ಒಂದಕ್ಕೂ ಜವಾಬು ಬಂದಿಲ್ಲ. ಮೊನ್ನೆ ಎಂಟನೆಯದನ್ನು ಪೆನ್ನಿನಲ್ಲಿ ಬರೆಯುತ್ತಿದ್ದಾಗ ಬುತ್ತಿ ತಂದ ಹೆಂಡತಿ ಸಲ್ಮಾ, ಮೂಲೆಯಲ್ಲಿ ವರ್ಷದಿಂದ ಕೆಟ್ಟು ಬಟ್ಟೆ ಹೊದ್ದು ಕೂತಿರುವ ಗಂಡನ ಕಂಪ್ಯೂಟರನ್ನು ತೋರಿಸಿ, "ಇದರ ಡಿಸ್ಕ್ ಡ್ರಾಯರಿನ್ಯಾಗ ಮ್ಯಾಲೇ ಐತಿ. ಹಾಕಿ ಟೈಪ್ ಮಾಡಬಾರದ?" ಎಂದಳು. ಸಾಬರು ಪತ್ರ ಮುಗಿಸಿ ಮಡಚಿದರು. "ಅದರ ತಳದ ಚೀಟಿ ಅಳಿಸಿಹೋಗೇತಿ," ಎಂದು ಲಕೋಟೆಗೆ ಅಂಟು ಸವರಿದರು.